ಆಕಾಶವಾಣಿಯ ಸ್ಥಳೀಯ ಸಂವಾದ ಕಾರ್ಯಕ್ರಮಗಳು: ಅರಸೀಕೆರೆ, ಬೇಲೂರು ಹಾಗೂ ಹಳೇಬೀಡು ಭಾಗದ ಸಾರ್ವಜನಿಕರಿಗೆ ಮಾಹಿತಿ

ಹಾಸನ ಆಕಾಶವಾಣಿ ನಿಲಯವು ಎಫ್.ಎಂ. 102.2 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಜಿಲ್ಲೆಯ ಶ್ರೋತೃಗಳಿಗೆ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತದೆ. ಇವುಗಳಲ್ಲಿ ಭಾಷಣ, ಸಂದರ್ಶನ, ಚರ್ಚೆ ಹಾಗೂ ಶ್ರೋತೃಗಳೇ ದೂರವಾಣಿಯ ಮೂಲಕ ಮಾತನಾಡುವ ನೇರ ಸಂವಾದಗಳು ಸೇರಿರುತ್ತವೆ. ಇಂತಹ ಸಂವಾದದಲ್ಲಿ ಅಧಿಕಾರಿಯೊಬ್ಬರು ನೀಡಿದ ಉತ್ತರವನ್ನು ತಮ್ಮ ಅರ್ಜಿಯ ಮೇಲಿನ ಆದೇಶವೆಂದೇ ಕೆಲವರು ಭಾವಿಸುವುದುಂಟು. ಇನ್ನು ಕೆಲವರು ರೇಡಿಯೊ ಎಂದರೆ ಚಿತ್ರಗೀತೆ ಮಾತ್ರವೆಂದು ತಿಳಿದು ಈ ಸೌಲಭ್ಯವನ್ನೇ ಬಳಸುವುದಿಲ್ಲ. ಇವೆರಡೂ ತಪ್ಪು ತಿಳಿವಳಿಕೆಗಳು. ಸಂವಾದ ಕಾರ್ಯಕ್ರಮದಿಂದ ನಾಗರಿಕರಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಆ ನಿಲಯಕ್ಕೆ ಇಡಲಾದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಹೆಸರಾಯಿತು. ಧಾರವಾಡ (1950), ಬೆಂಗಳೂರು (1955) ಹಾಗೂ ಭದ್ರಾವತಿ (1965) ನಿಲಯಗಳು ಅನಂತರ ಬಂದವು. ಇವು ವಿಶಾಲ ಪ್ರದೇಶವನ್ನು ತಲುಪುವ ನಿಲಯಗಳಾದುದರಿಂದ ಒಂದು ಹೋಬಳಿಯ ಕೆರೆ ಏರಿಯ ವಿಷಯವೋ ಒಂದು ಸಂತೆಯ ಧಾರಣೆಯೋ ಅವುಗಳಲ್ಲಿ ಚರ್ಚೆಯಾಗುವುದು ಕಷ್ಟವಿತ್ತು. ಈ ಕೊರತೆಯನ್ನು ತುಂಬಲು ರಾಷ್ಟ್ರೀಯ, ಪ್ರಾದೇಶಿಕ ಹಾಗೂ ಸ್ಥಳೀಯ ಎಂಬ ಮೂರು ಹಂತಗಳ ಪ್ರಸಾರ ವ್ಯವಸ್ಥೆಯನ್ನು ರೂಪಿಸಲಾಯಿತು. ದೇಶದ ಮೊದಲ ಸ್ಥಳೀಯ ನಿಲಯವು 1984ರಲ್ಲಿ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ಆರಂಭವಾಯಿತು. ಹಾಸನ, ಮಡಿಕೇರಿ, ಚಿತ್ರದುರ್ಗ, ಹೊಸಪೇಟೆ ಮುಂತಾದ ನಿಲಯಗಳು ಇದೇ ಯೋಜನೆಯ ಫಲ.

ಆಕಾಶವಾಣಿಯು 1997ರಿಂದ ಪ್ರಸಾರ ಭಾರತಿಯ ಅಧೀನದಲ್ಲಿದೆ. ಇದು 1990ರ ಕೇಂದ್ರ ಕಾಯ್ದೆಯನ್ವಯ ರಚಿತವಾದ ಸ್ವಾಯತ್ತ ಸಂಸ್ಥೆ. ಆದುದರಿಂದ ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಪ್ರಸಾರವಾಗಬೇಕು, ಯಾರನ್ನು ಆಹ್ವಾನಿಸಬೇಕು ಎಂಬುದನ್ನು ನಿಲಯವೇ ನಿರ್ಧರಿಸುತ್ತದೆ. ತಾಲ್ಲೂಕು ಕಚೇರಿಗಾಗಲೀ ಜಿಲ್ಲಾಡಳಿತಕ್ಕಾಗಲೀ ಈ ಅಧಿಕಾರವಿರುವುದಿಲ್ಲ. ಅಧಿಕಾರಿಗಳೂ ಅಲ್ಲಿಗೆ ಅತಿಥಿಗಳಾಗಿಯೇ ಹೋಗುತ್ತಾರೆ.

ಒಂದೇ ಜಿಲ್ಲೆ, ಬೇರೆ ಬೇರೆ ಪ್ರಶ್ನೆಗಳು

ಅರಸೀಕೆರೆಯಿಂದ ಬೇಲೂರಿಗೆ ಬಸ್ಸಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ಆದರೆ ಅಷ್ಟರಲ್ಲಿ ಮಳೆ, ಮಣ್ಣು, ಬೆಳೆ ಎಲ್ಲವೂ ಬದಲಾಗಿರುತ್ತವೆ. ಸ್ಥಳೀಯ ಸಂವಾದ ಕಾರ್ಯಕ್ರಮದ ಅಗತ್ಯ ಇಲ್ಲಿಯೇ ಸ್ಪಷ್ಟವಾಗುತ್ತದೆ.

ಅರಸೀಕೆರೆ ಬಯಲುಸೀಮೆಯ ತಾಲ್ಲೂಕು. ಇಲ್ಲಿನ ಜೀವನಾಧಾರ ತೆಂಗು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ರೈತನು ಇಡೀ ವರ್ಷದ ದುಡಿಮೆಯನ್ನು ಒಂದು ದಿನದ ಧಾರಣೆಗೆ ಒಪ್ಪಿಸಬೇಕಾಗುತ್ತದೆ. ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕ್ವಿಂಟಾಲಿಗೆ 12,000 ರೂ. ಹಾಗೂ 2025ರ ಹಂಗಾಮಿನಲ್ಲಿ 12,100 ರೂ. ಬೆಂಬಲ ಬೆಲೆಯನ್ನು ಘೋಷಿಸಿತ್ತು. ಈ ಬೆಲೆಗೆ ಮಾರಬೇಕಾದರೆ ಖರೀದಿ ಕೇಂದ್ರದಲ್ಲಿ ಮುಂಚಿತವಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿಗೆ ‘ಫ್ರೂಟ್ಸ್’ ತಂತ್ರಾಂಶದ ಗುರುತಿನ ಸಂಖ್ಯೆ ಬೇಕು. ಆ ಸಂಖ್ಯೆಯಲ್ಲಿ ಜಮೀನಿನ ಎಲ್ಲಾ ಸರ್ವೆ ನಂಬರುಗಳೂ ಸೇರಿರಬೇಕು. ನೋಂದಣಿಯ ದಿನಾಂಕ ಕಳೆದ ಮೇಲೆ ಈ ವಿಷಯ ತಿಳಿದರೆ ಪ್ರಯೋಜನವಿಲ್ಲ. ತೋಟಗಾರಿಕೆ ಅಥವಾ ಕೃಷಿ ಮಾರುಕಟ್ಟೆ ಅಧಿಕಾರಿಯೊಬ್ಬರು ಸಂಜೆಯ ಹೊತ್ತಿನಲ್ಲಿ ಹದಿನೈದು ನಿಮಿಷ ಮಾತನಾಡಿದರೆ, ತೋಟದ ಮನೆಯಲ್ಲಿರುವವರಿಗೂ ಅದು ಮುಟ್ಟುತ್ತದೆ. ತೆಂಗಿನ ಕಪ್ಪು ತಲೆ ಹುಳುವಿನ ಬಾಧೆಗೂ ಇದೇ ಮಾತು ಅನ್ವಯಿಸುತ್ತದೆ. ಒಬ್ಬರ ತೋಟದಲ್ಲಿ ಮಾತ್ರ ಪರೋಪಜೀವಿ ಕೀಟಗಳನ್ನು ಬಿಟ್ಟರೆ ಸಾಲದು, ಅಕ್ಕಪಕ್ಕದವರೂ ಒಟ್ಟಿಗೆ ಬಿಡಬೇಕು. ಅದಕ್ಕೆ ಎಲ್ಲರೂ ಒಂದೇ ಮಾತನ್ನು ಕೇಳಿರಬೇಕು.

ಬೇಲೂರು ತಾಲ್ಲೂಕಿನ ಮಲೆನಾಡು ಭಾಗದಲ್ಲಿ ಕಾಫಿ, ಮೆಣಸು ಬೆಳೆಯಲಾಗುತ್ತದೆ. ಅಲ್ಲಿ ಕಾಡಾನೆಗಳ ಹಾವಳಿ ಜೀವಹಾನಿಯವರೆಗೂ ಮುಟ್ಟಿರುವುದು ಎಲ್ಲರಿಗೂ ತಿಳಿದಿದೆ. ಆನೆ ಇರುವ ಸ್ಥಳದ ಮುನ್ಸೂಚನೆಗೆ ಮೊಬೈಲ್ ಸಂದೇಶವೇ ಸೂಕ್ತ. ರೇಡಿಯೊ ಅಷ್ಟು ತ್ವರಿತವಲ್ಲ. ಆದರೆ ಬೆಳೆಹಾನಿಯಾದ ನಂತರ ಯಾರಿಗೆ ದೂರು ಕೊಡಬೇಕು, ಸ್ಥಳ ಪರಿಶೀಲನೆಗೆ ಮುನ್ನ ತುಳಿದ ಗಿಡಗಳನ್ನು ತೆಗೆದುಹಾಕಬಹುದೇ, ಪಹಣಿ ತಂದೆಯ ಹೆಸರಿನಲ್ಲೇ ಇದ್ದರೆ ಪರಿಹಾರ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಅರಣ್ಯ ಹಾಗೂ ಕಂದಾಯ ಇಲಾಖೆಗಳ ಅಧಿಕಾರಿಗಳನ್ನು ಒಟ್ಟಿಗೆ ಕೂರಿಸಿ ಉತ್ತರ ಪಡೆಯುವ ಅವಕಾಶ ಸಂವಾದದಲ್ಲಿ ಮಾತ್ರ ಸಾಧ್ಯ. ಕಚೇರಿಗಳಲ್ಲಿ ಈ ಎರಡು ಇಲಾಖೆಗಳ ನಡುವೆ ಅರ್ಜಿದಾರರೇ ಓಡಾಡಬೇಕಾಗುತ್ತದೆ.

ಹಳೇಬೀಡಿನ ಪ್ರಶ್ನೆ ಇನ್ನೊಂದು ಬಗೆಯದು. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಹಾಗೂ ಸೋಮನಾಥಪುರದ ಕೇಶವ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದು ನಾಡಿಗೆ ಹೆಮ್ಮೆಯ ವಿಷಯ. ದೇವಾಲಯದ ಬೀದಿಯಲ್ಲಿ ವಾಸಿಸುವ ಕುಟುಂಬಕ್ಕೆ ಮಾತ್ರ ಮೊದಲು ಏಳುವ ಪ್ರಶ್ನೆ, ಸೋರುವ ಮಾಡನ್ನು ದುರಸ್ತಿ ಮಾಡಿಸಬಹುದೇ ಎಂಬುದು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಮಿತಿಯು ವಿಶ್ವ ಪರಂಪರೆಯ ಪಟ್ಟಿಯಿಂದ ಬಂದದ್ದಲ್ಲ. 2010ರಲ್ಲಿ ತಿದ್ದುಪಡಿಯಾದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿಯೇ ಇದೆ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಆದರೆ ಹಳೆಯ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಕೋರಬಹುದು. ಈ ಒಂದು ವ್ಯತ್ಯಾಸ ತಿಳಿಯದೆ ಅರ್ಜಿಯನ್ನೇ ಸಲ್ಲಿಸದೆ ಮಳೆಗಾಲ ಕಳೆಯುವವರೂ, ಅನುಮತಿಯಿಲ್ಲದೆ ಗೋಡೆ ಎಬ್ಬಿಸಿ ನೋಟಿಸು ಪಡೆಯುವವರೂ ಇರುತ್ತಾರೆ. ಪುರಾತತ್ವ ಅಧಿಕಾರಿಯೂ ಪಂಚಾಯಿತಿಯ ಅಧಿಕಾರಿಯೂ ಒಂದೇ ಧ್ವನಿವರ್ಧಕದ ಮುಂದೆ ಕುಳಿತು ಇದನ್ನು ವಿವರಿಸುವುದು ಹತ್ತು ಸುತ್ತೋಲೆಗಳಿಗಿಂತ ಉಪಯುಕ್ತವಾದೀತು.

ಸುದ್ದಿ ಹಾಗೂ ಸಂವಾದ

ಪ್ರದೇಶ ಸಮಾಚಾರವು ಹಾಸನದಲ್ಲಿ ಸಿದ್ಧವಾಗುವುದಿಲ್ಲ. ಬೆಂಗಳೂರಿನ ಸುದ್ದಿ ವಿಭಾಗವು ಸಿದ್ಧಪಡಿಸಿದ್ದನ್ನು ಸ್ಥಳೀಯ ನಿಲಯವು ಮರುಪ್ರಸಾರ ಮಾಡುತ್ತದೆ. ಜಿಲ್ಲೆಗಳಲ್ಲಿ ಅರೆಕಾಲಿಕ ವರದಿಗಾರರಿರುತ್ತಾರಾದರೂ ರಾಜ್ಯಮಟ್ಟದ ಹತ್ತು ನಿಮಿಷದ ವಾರ್ತೆಯಲ್ಲಿ ಒಂದು ತಾಲ್ಲೂಕಿಗೆ ದೊರೆಯುವುದು ಹೆಚ್ಚೆಂದರೆ ಒಂದೆರಡು ವಾಕ್ಯ. ಉಳಿದ ವಿವರವು ಚರ್ಚೆ, ಸಂದರ್ಶನಗಳಲ್ಲಿಯೇ ಬರಬೇಕು. ‘ನಮ್ಮ ಊರಿನ ಸುದ್ದಿ ಬರಲಿಲ್ಲ’ ಎಂದು ಹಾಸನ ನಿಲಯಕ್ಕೆ ಪತ್ರ ಬರೆಯುವವರು ಇದನ್ನು ಗಮನಿಸುವುದು. ಪತ್ರದಲ್ಲಿ ಸುದ್ದಿಯ ಬದಲು ಚರ್ಚೆಗೆ ವಿಷಯವನ್ನು ಸೂಚಿಸಿದಲ್ಲಿ ಅದು ಪರಿಗಣನೆಗೆ ಬರುವ ಸಾಧ್ಯತೆ ಹೆಚ್ಚು.

ಭಾಗವಹಿಸುವ ಬಗೆ

ನೇರ ಸಂವಾದದ ದಿನ, ವೇಳೆ ಹಾಗೂ ದೂರವಾಣಿ ಸಂಖ್ಯೆಯನ್ನು ನಿಲಯವು ಪ್ರಸಾರದಲ್ಲಿಯೇ ಪ್ರಕಟಿಸುತ್ತದೆ. ವೇಳಾಪಟ್ಟಿಯು ಬದಲಾಗುತ್ತಿರುವುದರಿಂದ ಹಳೆಯ ಕರಪತ್ರವನ್ನು ನಂಬಿ ಕರೆ ಮಾಡಬಾರದು. ಕರೆ ಮಾಡುವವರು ಹೆಸರು, ಊರು ಹಾಗೂ ಪ್ರಶ್ನೆಯನ್ನು ಮೊದಲು ಕರೆ ಸ್ವೀಕರಿಸುವ ಸಿಬ್ಬಂದಿಗೆ ತಿಳಿಸಬೇಕು. ಕರೆ ಸೇರಿದ ಕೂಡಲೇ ಹತ್ತಿರದ ರೇಡಿಯೊವನ್ನು ಬಂದ್ ಮಾಡುವುದು ಅವಶ್ಯಕ. ಇಲ್ಲವಾದಲ್ಲಿ ಧ್ವನಿ ಮರುಕಳಿಸಿ ಪ್ರಶ್ನೆಯೇ ಕೇಳಿಸದು. ಅರ್ಜಿ ಸಂಖ್ಯೆ, ಸಲ್ಲಿಸಿದ ದಿನಾಂಕ, ಗ್ರಾಮ, ಸರ್ವೆ ನಂಬರು ಕೈಯಲ್ಲಿದ್ದರೆ ಎರಡು ನಿಮಿಷ ಸಾಕು. ಆಧಾರ್ ಹಾಗೂ ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಪ್ರಸಾರದಲ್ಲಿ ಹೇಳಕೂಡದು. ಕೇಳುತ್ತಿರುವುದು ಇಡೀ ಜಿಲ್ಲೆ.

ನಿರೂಪಕರು ಕೆಲವೊಮ್ಮೆ ಮಾತನ್ನು ನಡುವೆಯೇ ತಡೆಯುತ್ತಾರೆ. ಇದನ್ನು ಅವಮಾನವೆಂದು ಭಾವಿಸಬಾರದು. ಆಕಾಶವಾಣಿಯ ಪ್ರಸಾರ ಸಂಹಿತೆಯು ಯಾವುದೇ ಧರ್ಮ ಅಥವಾ ಸಮುದಾಯದ ಮೇಲಿನ ದಾಳಿ, ಮಾನಹಾನಿಕರ ಮಾತು, ಹಿಂಸೆಗೆ ಪ್ರಚೋದನೆ, ನ್ಯಾಯಾಲಯದ ನಿಂದನೆ, ರಾಜಕೀಯ ಪಕ್ಷವೊಂದನ್ನು ಹೆಸರಿಸಿ ಮಾಡುವ ಟೀಕೆ ಇವುಗಳನ್ನು ನಿಷೇಧಿಸಿದೆ. ‘ಮೂರು ತಿಂಗಳಿಂದ ಪೌತಿ ಖಾತೆ ಆಗಿಲ್ಲ’ ಎನ್ನಬಹುದು. ಇಂಥವರು ಲಂಚ ಕೇಳಿದರು ಎಂದು ಹೆಸರು ಹಿಡಿದು ಹೇಳಲಾಗದು, ಅದಕ್ಕೆ ಲೋಕಾಯುಕ್ತವಿದೆ.

ಉತ್ತರವು ಆದೇಶವಲ್ಲ

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ನೇರ ಸಂವಾದದಲ್ಲಿ ತಹಶೀಲ್ದಾರರು ‘ಪರಿಶೀಲಿಸುತ್ತೇವೆ’ ಎಂದರೆ ಅದು ಸಾರ್ವಜನಿಕವಾಗಿ ಕೊಟ್ಟ ಮಾತು. ಅದಕ್ಕೆ ತೂಕವುಂಟು, ಸಾವಿರಾರು ಜನ ಕೇಳಿರುತ್ತಾರೆ. ಆದರೆ ಅದಕ್ಕೆ ಕಡತದ ಸಂಖ್ಯೆ ಇರುವುದಿಲ್ಲ, ಸ್ವೀಕೃತಿ ಇರುವುದಿಲ್ಲ, ಕಾಲಮಿತಿಯೂ ಇರುವುದಿಲ್ಲ.

ಉದಾಹರಣೆಗೆ, ವಿಧವಾ ವೇತನಕ್ಕಾಗಿ ಅರ್ಜಿ ಸಲ್ಲಿಸಿದ ಮಹಿಳೆಯೊಬ್ಬರು ಸಂವಾದದಲ್ಲಿ ತಮ್ಮ ಅಳಲನ್ನು ಹೇಳಿಕೊಂಡು ಭರವಸೆ ಪಡೆದರೆಂದು ಭಾವಿಸೋಣ. ಭರವಸೆಯನ್ನು ನಂಬಿ ಅವರು ಎರಡು ತಿಂಗಳು ಕಾಯುತ್ತಾರೆ. ಈ ನಡುವೆ ಅರ್ಜಿಯು ದಾಖಲೆಯ ಕೊರತೆಯಿಂದ ತಿರಸ್ಕೃತವಾಗಿದ್ದರೆ, ಮೇಲ್ಮನವಿ ಸಲ್ಲಿಸುವ ಅವಧಿಯು ಅವರಿಗೆ ಅರಿವಿಲ್ಲದೆಯೇ ಮುಗಿದಿರುತ್ತದೆ. ರೇಡಿಯೊದಲ್ಲಿ ಆಡಿದ ಮಾತು ಆ ಅವಧಿಯನ್ನು ಒಂದು ದಿನವೂ ವಿಸ್ತರಿಸುವುದಿಲ್ಲ.

2012ರ ಏಪ್ರಿಲ್‌ನಿಂದ ರಾಜ್ಯಾದ್ಯಂತ ಜಾರಿಯಲ್ಲಿರುವ ಸಕಾಲ ಕಾಯ್ದೆಯನ್ವಯ, ಅಧಿಸೂಚಿತ ಸೇವೆಗಳ ಅರ್ಜಿಗೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡಲಾಗುತ್ತದೆ. ನಿಗದಿತ ಅವಧಿ ಮೀರಿದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕಾಗಿ ದಿನಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ. ಪರಿಹಾರ ವೆಚ್ಚವನ್ನು ಕೋರಲು ಅವಕಾಶವಿದೆ. ಮೊತ್ತ ಸಣ್ಣದೆಂಬುದು ನಿಜ. ಆದರೆ ವಿಳಂಬ ಯಾರಿಂದಾಯಿತು ಎಂಬುದು ದಾಖಲೆಗೆ ಬರುತ್ತದೆ. ಸಕಾಲದ ವ್ಯಾಪ್ತಿಗೆ ಬಾರದ ದೂರುಗಳನ್ನು ಜನಸ್ಪಂದನ ಸಹಾಯವಾಣಿ 1902ರ ಮೂಲಕ ದಾಖಲಿಸಬಹುದು. ಆದಕಾರಣ ಮೊದಲು ಸ್ವೀಕೃತಿ ಪಡೆದು ಅನಂತರ ಸಂವಾದಕ್ಕೆ ಕರೆ ಮಾಡುವುದು ಸರಿಯಾದ ಕ್ರಮ. ಜಿ.ಎಸ್.ಸಿ. ಸಂಖ್ಯೆಯನ್ನು ಸಿಬ್ಬಂದಿಗೆ ತಿಳಿಸಿದಲ್ಲಿ ಅಧಿಕಾರಿಯೂ ಸ್ಥಳದಲ್ಲೇ ಅರ್ಜಿಯ ಹಂತವನ್ನು ಪರಿಶೀಲಿಸಿ ಉತ್ತರಿಸಬಹುದು.

ಚುನಾವಣಾ ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುವಾಗ ಹೊಸ ಯೋಜನೆ, ಸೌಲಭ್ಯಗಳ ಘೋಷಣೆಗೆ ಅವಕಾಶವಿಲ್ಲದ ಕಾರಣ ಸಂವಾದಗಳಲ್ಲಿ ಅಂತಹ ಭರವಸೆಗಳನ್ನು ನಿರೀಕ್ಷಿಸಬಾರದು.

ಕಲೆ ಮತ್ತು ಸಂಸ್ಕೃತಿ

ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನ ದೊರೆತದ್ದು ಬೇಲೂರು ತಾಲ್ಲೂಕಿನಲ್ಲಿ. ಅರಸೀಕೆರೆಯ ಈಶ್ವರ ದೇವಾಲಯವು ಹೊಯ್ಸಳರ ಕಾಲದ್ದೇ ಆದರೂ ಪ್ರವಾಸಿಗರ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಕಡಿಮೆ. ಇಂತಹ ವಿಷಯಗಳ ಬಗ್ಗೆ ಶಾಲಾ ಶಿಕ್ಷಕರು, ಸ್ಥಳೀಯ ಇತಿಹಾಸ ಬಲ್ಲವರು ಭಾಷಣ ನೀಡಬಯಸಿದಲ್ಲಿ ವಿಷಯದ ಸಾರಾಂಶವನ್ನು ಬರೆದು ನಿಲಯದ ಮುಖ್ಯಸ್ಥರಿಗೆ ಕಳುಹಿಸಬಹುದು. ಸೋಬಾನೆ, ರಾಗಿ ಬೀಸುವ ಪದ, ಕೋಲಾಟದ ಪದಗಳನ್ನು ಹಾಡುವವರು ಧ್ವನಿ ಪರೀಕ್ಷೆಗೆ ಅರ್ಜಿ ಸಲ್ಲಿಸಬೇಕು. ತೇರ್ಗಡೆಯಾದವರಿಗೆ ಶ್ರೇಣಿ ನೀಡಿ, ಧ್ವನಿಮುದ್ರಣಕ್ಕೆ ಕರೆದಾಗ ನಿಯಮಾನುಸಾರ ಸಂಭಾವನೆ ನೀಡಲಾಗುತ್ತದೆ. ಅಕ್ಷರ ಬಾರದವರು ಅರ್ಜಿಯನ್ನು ಬೇರೆಯವರಿಂದ ಬರೆಸಬಹುದು; ಹಾಡಿಗೆ ಅಕ್ಷರದ ಹಂಗಿಲ್ಲ.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರು ಪತ್ರಿಕಾ ವರದಿಗಾರ್ತಿಯಾಗಿದ್ದುದಲ್ಲದೆ ಕೆಲಕಾಲ ಬೆಂಗಳೂರು ಆಕಾಶವಾಣಿಯಲ್ಲಿಯೂ ಕೆಲಸ ಮಾಡಿದ್ದರು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಪ್ರಸಾರ ಕೇಳಿಸದಿದ್ದಲ್ಲಿ

ಎಫ್.ಎಂ. ತರಂಗಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ದುರ್ಬಲವಾಗುತ್ತವೆ. ಬೇಲೂರಿನ ಪಶ್ಚಿಮ ಭಾಗದ ಕಣಿವೆಗಳಲ್ಲಿ ಧ್ವನಿ ಅಸ್ಪಷ್ಟವಾಗುವುದಕ್ಕೆ ರೇಡಿಯೊದ ದೋಷವೇ ಕಾರಣವೆಂದು ತಿಳಿಯಬೇಕಾಗಿಲ್ಲ. ರೇಡಿಯೊವನ್ನು ಕಿಟಕಿಯ ಬಳಿ ಅಥವಾ ಎತ್ತರದಲ್ಲಿಟ್ಟು ಏರಿಯಲ್ ಪೂರ್ಣ ಎಳೆದಲ್ಲಿ ಸುಧಾರಣೆ ಕಾಣಬಹುದು. ಹೆಡ್‌ಫೋನ್ ತಂತಿಯನ್ನೇ ಏರಿಯಲ್ ಆಗಿ ಬಳಸುವ ಮೊಬೈಲ್‌ಗಳಲ್ಲಿ ತಂತಿ ಜೋಡಿಸದೆ ಎಫ್.ಎಂ. ಕೇಳಿಸುವುದಿಲ್ಲ. ಅಂತರ್ಜಾಲ ಸೌಲಭ್ಯವಿರುವವರು ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಮೂಲಕ ಆಕಾಶವಾಣಿ ನಿಲಯಗಳ ಪ್ರಸಾರವನ್ನು ಕೇಳಬಹುದು. ಬೆಂಗಳೂರಿಗೆ ದುಡಿಯಲು ಹೋಗಿರುವ ಮಕ್ಕಳು ಊರಿನ ಸಂವಾದವನ್ನು ಹೀಗೆ ಕೇಳಿ, ನೋಂದಣಿಯ ಕೊನೆಯ ದಿನಾಂಕವನ್ನು ಅಪ್ಪ ಅಮ್ಮನಿಗೆ ಫೋನ್ ಮಾಡಿ ತಿಳಿಸಲೂಬಹುದು.