ಕೊಪ್ಪಳ ಸೀಮೆಯ ಬೇಸಗೆ: ಪತಂಗಗಳು ಎಲ್ಲಿರುತ್ತವೆ?

ವೈಶಾಖದ ಬಿಸಿಲಿನಲ್ಲಿ ಚಿಟ್ಟೆ, ಪತಂಗಗಳನ್ನು ಕಾಣಲು ಕುಷ್ಟಗಿ, ಯಲಬುರ್ಗಾಗಳ ಕಡೆಗೆ ಹೊರಟವರನ್ನು ನೋಡಿ ರೈತರು ನಕ್ಕರೆ ಅದು ತಪ್ಪಲ್ಲ. ಆಗ ಹೊಲಗಳೆಲ್ಲ ಬರಿದು. ಹಸುರೆಂದರೆ ಬೇವು, ಜಾಲಿ ಮತ್ತು ದಾರಿಬದಿಯ ಎಕ್ಕೆ. ಮುಂಜಾವಿನಿಂದ ಅಲೆದ ನಮಗೆ ಕಂಡ ಚಿಟ್ಟೆಗಳನ್ನು ಎಣಿಸಲು ಕೈಬೆರಳುಗಳೇ ಸಾಕಾದುವು. ಅವುಗಳಲ್ಲಿ ಹೆಚ್ಚಿನವು ಎಕ್ಕೆಯ ಸುತ್ತ ಸುಳಿಯುವ ಕಿತ್ತಳೆ ಬಣ್ಣದ ಡನಾಯಸ್ ಕ್ರಿಸಿಪ್ಪಸ್. ಇದರ ಮರಿಹುಳು ಎಕ್ಕೆಯ ಎಲೆಯನ್ನೇ ತಿಂದು ಬೆಳೆಯುತ್ತದೆ. ಆ ಗಿಡದ ವಿಷವು ಮೈಸೇರಿರುವುದರಿಂದ ಪಕ್ಷಿಗಳು ಇದರ ಗೊಡವೆಗೆ ಹೋಗುವುದು ಅಪರೂಪ. ಇದು ಅವಸರವಿಲ್ಲದೆ ಹಾರುವುದಕ್ಕೆ ಅದೇ ಕಾರಣವಿರಬೇಕು.

ಉಳಿದವು ಎಲ್ಲಿ? ಯಲಬುರ್ಗಾದ ಸಮೀಪದ ಒಂದು ಮಸಾರಿ ಹೊಲದಲ್ಲಿ ಇದಕ್ಕೆ ಉತ್ತರ ದೊರೆಯಿತು. ಶೇಂಗಾ ಬೆಳೆಯುವ ಆ ಹೊಲವನ್ನು ಟ್ರ್ಯಾಕ್ಟರಿನಿಂದ ಉಳುತ್ತಿದ್ದರು. ಹಿಂದೆ ಹಿಂದೆಯೇ ಬೆಳ್ಳಕ್ಕಿಗಳು, ಗೊರವಂಕಗಳು. ಬೇವಿನ ಕೊಂಬೆಯಿಂದ ಎರಗಿ ಮತ್ತೆ ಕೊಂಬೆಗೇ ಮರಳುವ ಕಾಜಾಣಗಳು. ಈ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ, 1930ರ ದಶಕದಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ್ದರು. ಆದರೆ ಅಂದು ನಮಗೆ ಬೇಕಾದುದು ಪಕ್ಷಿಗಳ ಪಟ್ಟಿಯಲ್ಲ, ಅವುಗಳ ಕೊಕ್ಕಿನಲ್ಲಿದ್ದ ಪದಾರ್ಥ. ಹೆಂಟೆಗಳನ್ನು ಒಡೆದು ನೋಡಿದಾಗ ಹೊಳೆಯುವ ಕಂದು ಬಣ್ಣದ ಕೋಶಗಳು ದೊರೆತುವು. ಅವು ಕೆಂಪು ಕಂಬಳಿಹುಳು, ಅಂದರೆ ಆಮ್ಸ್ಯಾಕ್ಟಾ ಆಲ್ಬಿಸ್ಟ್ರೈಗಾ ಎಂಬ ಪತಂಗದ ಕೋಶಗಳು.

ಮಳೆಗಾಲದಲ್ಲಿ ಶೇಂಗಾ ಎಲೆಯನ್ನು ತಿಂದು ಬಲಿತ ಈ ಹುಳುಗಳು ಬದುವಿಗೂ ಮರದ ನೆರಳಿಗೂ ಹರಿದು ಮಣ್ಣಿನೊಳಗೆ ಕೋಶವಾಗುತ್ತವೆ. ಮುಂದಿನ ವರ್ಷದ ಮೊದಲ ಒಳ್ಳೆಯ ಮಳೆಯವರೆಗೆ ಅಲ್ಲಿಯೇ ನಿದ್ರೆ. ನೆಲ ನೆನೆದ ಮೇಲೆ ಬಿಳಿಯ ಪತಂಗಗಳು ಹಿಂಡುಹಿಂಡಾಗಿ ಹೊರಬರುತ್ತವೆ. ಒಂದೊಂದು ಹೆಣ್ಣೂ ನೂರಾರು ತತ್ತಿಗಳನ್ನಿಡುತ್ತದೆ. ಹುಳುವಿಗೆ ಒತ್ತಾದ ಕೂದಲು ಬೆಳೆಯಿತೆಂದರೆ ಹೆಚ್ಚಿನ ಪಕ್ಷಿಗಳು ಅದನ್ನು ಮುಟ್ಟವು (ಮಳೆಯೊಡನೆ ಬರುವ ಚಾತಕವು ಇದಕ್ಕೆ ಅಪವಾದ). ಬಲಿತ ಹುಳುವಿಗೆ ಔಷಧಿಯೂ ಸುಲಭವಾಗಿ ತಾಗದು. ಆದುದರಿಂದ ಬೆಳೆ ಉಳಿಯುವುದೋ ಅಳಿಯುವುದೋ ಎಂಬುದು ಬಹುಮಟ್ಟಿಗೆ ಹೊಲದಲ್ಲಿ ಬೆಳೆಯೇ ಇಲ್ಲದ ಈ ತಿಂಗಳುಗಳಲ್ಲಿ ನಿರ್ಧಾರವಾಗುತ್ತದೆ.

ಗಂಗಾವತಿಯ ಕಡೆ ಕಥೆಯ ರೂಪ ಬೇರೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿದಂದಿನಿಂದ ಅಲ್ಲಿ ಭತ್ತ ಹಬ್ಬಿತು. ಭತ್ತದ ಕಾಂಡಕೊರಕ ಪತಂಗದ ಮರಿಹುಳು ಕೊಯ್ಲಿನ ನಂತರ ಕೂಳೆಯಲ್ಲಿ ಉಳಿಯುತ್ತದೆ; ಅಲ್ಲಿಯೂ ಉಳುಮೆಯೇ ಅದರ ಶತ್ರು.

ಒಂದು ಸಂಗತಿ ನಮ್ಮನ್ನು ಚಿಂತೆಗೆ ಹಚ್ಚಿತು. ಕೋಶಗಳು ಹೆಚ್ಚಾಗಿರುವುದು ಬದುವಿನಲ್ಲಿ ಮತ್ತು ಮರದ ಬುಡದಲ್ಲಿ. ಟ್ರ್ಯಾಕ್ಟರು ತಲುಪದಿರುವುದೂ ಅಲ್ಲಿಗೇ. ತಿರುಗಲು ಅಡ್ಡಿಯೆಂದು ಮರವನ್ನೇ ಕಡಿದರೆ ಕಾಜಾಣಕ್ಕೆ ಕೂರಲು ಕೊಂಬೆಯಿಲ್ಲ. ಬದುವಿನ ಪಕ್ಕದ ಆ ನಾಲ್ಕು ಮೊಳವನ್ನು ಗುದ್ದಲಿಯಿಂದ ಅಗೆಯುವುದೇ ಮೇಲೆಂದು ನಮಗೆ ತೋರುತ್ತದೆ.

ಸಂಜೆ ಬಿಳಿಯ ಬಟ್ಟೆಯನ್ನು ಕಟ್ಟಿ ದೀಪವಿಟ್ಟೆವು. ಕೆಲವು ಸಣ್ಣ ಪತಂಗಗಳು ಬಂದುವು. ಕಂಬಳಿಹುಳುವಿನ ಪತಂಗ ಒಂದೂ ಬರಲಿಲ್ಲ. ರೋಹಿಣಿ ಮಳೆ ಬಿದ್ದ ಮರುರಾತ್ರಿ ಅದೇ ಬದುವಿನಲ್ಲಿ ಮತ್ತೆ ದೀಪವಿಡಬೇಕೆಂದಿದ್ದೇವೆ.