ಮಳೆಗಾಲಕ್ಕೂ ಹಾಲ್‌ನ ಬಾಗಿಲು ತೆರೆಯಲಿ

ಕಳೆದ ಜುಲೈಯಲ್ಲಿ ಒಂದು ದಿನ ರೆಡ್ ಅಲರ್ಟ್ ಅಂತ ಶಾಲೆಗಳಿಗೆ ರಜೆ ಸಿಕ್ಕಿತ್ತು. ನಾವೂ ಮದ್ರಸಕ್ಕೆ ರಜೆ ಕೊಟ್ಟೆವು. ಳುಹರ್ ನಮಾಝ್ ಮುಗಿಸಿ ಹೊರಗೆ ಬರುವಾಗ ಒಬ್ಬರು ಸುದ್ದಿ ತಂದರು: ನಮ್ಮ ಇಬ್ಬರು ಮಕ್ಕಳು ಕೆಂಪುಕಲ್ಲಿನ ಕೋರೆಯ ಹೊಂಡದ ಬದಿಯಲ್ಲಿ ಕೂತಿದ್ದಾರೆ. ಓಡಿ ಹೋಗಿ ಕರೆತಂದೆವು. ಹೊಂಡದ ನೀರು ಅಂಚಿನವರೆಗೆ ತುಂಬಿತ್ತು. ಬೈದರೆ ಒಬ್ಬ ಕೇಳಿದ: “ಮನೆಯಲ್ಲಿ ಎಂತ ಮಾಡುದು ಉಸ್ತಾದ್? ಕರೆಂಟಿಲ್ಲ, ಮೊಬೈಲ್‌ನಲ್ಲಿ ಚಾರ್ಜೂ ಇಲ್ಲ.”

ನಮಗೆ ಉತ್ತರ ಹೊಳೆಯಲಿಲ್ಲ. ಆದರೆ ಪಲ್ಲಿಯ ಪಕ್ಕದಲ್ಲೇ ಜಮಾಅತಿನ ಹಾಲ್‌ಗೆ ಬೀಗ ಹಾಕಿತ್ತು. ಗಲ್ಫ್‌ನಲ್ಲಿ ದುಡಿಯುವವರ ಬೆವರಿನ ಹಣದಿಂದ ಕಟ್ಟಿದ ಹಾಲ್ ಅದು. ನಿಕಾಹ್ ಇದ್ದರೆ ಲೈಟು, ಇಲ್ಲದಿದ್ದರೆ ಕತ್ತಲೆ. ಮಳೆ ಹಿಡಿದ ಮೇಲೆ ಬುಕ್ಕಿಂಗೂ ಕಮ್ಮಿ. ನಮ್ಮ ಕರಾವಳಿಯ ಹೆಚ್ಚಿನ ಮಹಲ್ಲ್‌ಗಳಲ್ಲಿ ಇದೇ ಕಥೆ ಅಲ್ವಾ?

ಮುಂದಿನ ಕಮಿಟಿ ಸಭೆಯಲ್ಲಿ ವಿಷಯ ಇಟ್ಟೆವು. ಒಬ್ಬ ಹಿರಿಯರು ಸಿಟ್ಟಾದರು: “ಹಾಲ್ ಇರುವುದು ಮದುವೆಗೆ. ಇವತ್ತು ಕೇರಂ ಅಂತೀರಿ, ನಾಳೆ ಜೂಜು ಬರ್ತದೆ.” ಅವರ ಭಯ ಸುಳ್ಳಲ್ಲ. ಹಾಗಾಗಿ ಮೊದಲೇ ಶರತ್ತು ಬರೆದು ಗೋಡೆಗೆ ಹಚ್ಚಿದೆವು. ಹಣ ಇಟ್ಟು ಆಟವಿಲ್ಲ, ಬಾಂಕ್ ಆದ ಕೂಡಲೇ ಆಟ ನಿಲ್ಲಬೇಕು, ದೊಡ್ಡವರೊಬ್ಬರು ಇಲ್ಲದೆ ಬಾಗಿಲು ತೆರೆಯುವಂತಿಲ್ಲ. ಮದೀನಾದ ಮಸೀದಿಯಲ್ಲಿ ಅಬಿಸೀನಿಯಾದವರು ಈಟಿ ಹಿಡಿದು ಆಡುತ್ತಿದ್ದುದನ್ನು ಪ್ರವಾದಿ (ಸ) ಅವರು ಆಯಿಶಾ (ರ) ಅವರಿಗೆ ತೋರಿಸಿದ ಪ್ರಸಂಗವನ್ನೂ ನೆನಪಿಸಿದೆವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು, ಒಂದು ಮಳೆಗಾಲ ನೋಡುವಾ” ಎಂದರು.

ಹೊಸದಾಗಿ ಕಟ್ಟಿದ್ದು ಏನೂ ಇಲ್ಲ

ಕುರ್ಚಿಗಳನ್ನು ಒಂದು ಮೂಲೆಗೆ ಪೇರಿಸಿದೆವು. ಹುಡುಗರು ಶಟ್ಲ್ ಬೇಕು ಎಂದರು. ಅದರ ಅಂಗಣಕ್ಕೇ 44 ಅಡಿ ಉದ್ದ, 20 ಅಡಿ ಅಗಲ ಬೇಕು, ಮೇಲೆ ಎತ್ತರವೂ ಬೇಕು. ನಮ್ಮ ಹಾಲ್‌ನಲ್ಲಿ ಫ್ಯಾನಿಗೆ ಬಡಿಯುವುದು ಗ್ಯಾರಂಟಿ. ಟೇಬಲ್ ಟೆನಿಸ್ ಮೇಜು 9 ಅಡಿ ಉದ್ದ, 5 ಅಡಿ ಅಗಲ. ಸುತ್ತ ಓಡಾಡಲು ಜಾಗ ಬಿಟ್ಟರೂ ಅರ್ಧ ಹಾಲ್‌ನಲ್ಲಿ ಹಿಡಿಯುತ್ತದೆ, ಮದುವೆ ಬಂದರೆ ಮಡಚಿ ಬದಿಗಿಡಬಹುದು. ಒಬ್ಬರು ಹಳೆಯ ಮೇಜು ಕೊಟ್ಟರು. ಎರಡು ಕೇರಂ ಬೋರ್ಡ್, ಮೂರು ಚೆಸ್ ಬೋರ್ಡ್, ಮದ್ರಸದಿಂದ ಒಂದು ಕಪಾಟು ಪುಸ್ತಕ ಬಂತು. ಬೋರ್ಡುಗಳನ್ನು ಗೋಡೆಗೆ ಒರಗಿಸಿ ಇಟ್ಟದ್ದು ನಮ್ಮ ತಪ್ಪು. ತೇವ ಹಿಡಿದು ಒಂದು ಉಬ್ಬಿಯೇ ಹೋಯಿತು. ಈಗ ಮೇಜಿನ ಮೇಲೆ ಇಡುತ್ತೇವೆ.

ಎಲ್ಲಕ್ಕಿಂತ ಜನ ಸೇರಿದ್ದು ಚೆನ್ನೆಮಣೆಗೆ. ಒಬ್ಬರು ಅಜ್ಜಿ ಅಟ್ಟದಿಂದ ಇಳಿಸಿ ಕಳಿಸಿದ ಮಣೆ ಅದು. ಎರಡು ಸಾಲಲ್ಲಿ 14 ಗುಳಿ, ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ. ಆಟಿ ತಿಂಗಳ ಮಳೆಯಲ್ಲಿ ತುಳುನಾಡಿನ ಮನೆಗಳಲ್ಲಿ ಆಡುತ್ತಿದ್ದ ಆಟ. ಲೆಕ್ಕ ಅಂದರೆ ಓಡುವ ಹುಡುಗರು ಇಲ್ಲಿ ಬಾಯಲ್ಲೇ ಕೂಡಿ ಕಳೆಯುತ್ತಾರೆ. ಕಲಿಸಲು ಅಜ್ಜಿಯೇ ಬಂದು ಕೂತರು. ಆಟದ ನಡುವೆ ಬ್ಯಾರಿ ಗಾದೆ, ಒಗಟು ಶುರುವಾಯಿತು. ಈಗ ಮಕ್ಕಳು ಅದನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಾರೆ.

ನಾವು ಮರೆತದ್ದು

ಕುಟುಂಬಗಳಿಗೆ ಅಂತ ಹೇಳಿ ಶುರು ಮಾಡಿದೆವು, ಆದರೆ ಮೊದಲ ತಿಂಗಳು ಹಾಲ್ ತುಂಬಾ ಗಂಡುಮಕ್ಕಳೇ. ಒಬ್ಬರು ತಾಯಿ ಮದ್ರಸದ ಬಾಗಿಲಲ್ಲಿ ನಿಂತು ಕೇಳಿದರು: “ಉಸ್ತಾದರೇ, ನಮ್ಮ ಹೆಣ್ಣುಮಕ್ಕಳಿಗೆ ಮಳೆ ಬರುವುದಿಲ್ವಾ?” ನಾಚಿಕೆಯಾಯಿತು. ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ಉಮ್ಮಂದಿರಿಗೆ, ಹೆಣ್ಣುಮಕ್ಕಳಿಗೆ ಮೀಸಲಿಟ್ಟು ಕೀಲಿಕೈ ಅವರ ಕೈಗೇ ಕೊಟ್ಟೆವು. ಹೊಲಿಗೆ, ಮೆಹಂದಿ, ಟೇಬಲ್ ಟೆನಿಸ್, ಏನು ಮಾಡಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಎರಡು ಭಾನುವಾರ ಮದುವೆ ಬುಕ್ಕಿಂಗ್ ಬಂದು ಅವರ ಹೊತ್ತು ಹೋಯಿತು. ಅದಕ್ಕೆ ಬದಲು ದಿನ ಕೊಡಲೇಬೇಕು ಎಂದು ಈಗ ಬುಕ್ಕಿಂಗ್ ಪುಸ್ತಕದಲ್ಲೇ ಬರೆದಿಟ್ಟಿದ್ದೇವೆ. ಶನಿವಾರ ಮಗ್ರಿಬ್ ಆದ ಮೇಲೆ ಅಪ್ಪಂದಿರು ಮಕ್ಕಳ ಜೊತೆ ಬರಬೇಕು. ಇದಕ್ಕೆ ಇನ್ನೂ ಬೆರಳೆಣಿಕೆಯ ಜನ. ಅದೊಂದು ನಮ್ಮ ಸೋಲು.

ಮಕ್ಕಳು ಮೊಬೈಲ್ ಬಿಟ್ಟೇ ಬಿಟ್ಟರು ಎಂದು ನಾವು ಹೇಳುವುದಿಲ್ಲ. ಆದರೆ ಈ ಮಳೆಗಾಲದಲ್ಲಿ ಮತ್ತೆ ರಜೆ ಸಿಕ್ಕ ದಿನ ಆ ಇಬ್ಬರನ್ನು ಹುಡುಕಿಕೊಂಡು ಕೋರೆಗೆ ಓಡಬೇಕಾಗಲಿಲ್ಲ. ಹಾಲ್‌ನಲ್ಲಿ ಕೇರಂ ಪೌಡರ್ ಮೈಗೆಲ್ಲ ಮೆತ್ತಿಕೊಂಡು ಜಗಳ ಮಾಡುತ್ತಿದ್ದರು. ಸಿಟ್ಟಾಗಿದ್ದ ಆ ಹಿರಿಯರೇ ನಡುವೆ ಕೂತು ತೀರ್ಪು ಹೇಳುತ್ತಿದ್ದರು.

ನಿಮ್ಮ ಮಹಲ್ಲ್‌ನಲ್ಲೂ ಒಂದು ಹಾಲ್ ಉಂಟಲ್ವಾ? ಅದರ ಕೀಲಿಕೈ ಯಾರ ಹತ್ತಿರ ಉಂಟು ಎಂದು ಮುಂದಿನ ಸಭೆಯಲ್ಲಿ ಒಮ್ಮೆ ಕೇಳಿ ನೋಡಿ.