ಇನ್ಶೂರೆನ್ಸ್ ಕೊಟ್ಟರೆ ಸಾಲದು, ಬಿಡಿಸಿ ಹೇಳಬೇಕು

ದುಬೈನಲ್ಲಿ ಕೆಲಸಗಾರರಿಗೆ ಆರೋಗ್ಯ ವಿಮೆ ಮಾಡಿಸುವುದು 2013ರ ಕಾನೂನಿನ ಪ್ರಕಾರ ಕಂಪನಿಯ ಜವಾಬ್ದಾರಿ. 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾಗಳಲ್ಲೂ ಈ ನಿಯಮ ಬಂದಿದೆ. ವೀಸಾ ಹೊಸದಾಗಿ ಮಾಡಿಸುವಾಗ ಅಥವಾ ರಿನ್ಯೂ ಮಾಡುವಾಗ ಪಾಲಿಸಿ ಇರಲೇಬೇಕು. ಪ್ರೀಮಿಯಂ ಕಟ್ಟಬೇಕಾದದ್ದು ಕಂಪನಿ, ಸಂಬಳದಲ್ಲಿ ಹಿಡಿಯುವಂತಿಲ್ಲ.

ಹಾಗಾಗಿ "ಇನ್ಶೂರೆನ್ಸ್ ಇದೆಯಾ?" ಅಂತ ಕೇಳಿದರೆ ನಮ್ಮವರು "ಇದೆಯಲ್ಲ" ಅಂತಾರೆ. ಯಾವ ಕ್ಲಿನಿಕ್‌ನಲ್ಲಿ ನಡೆಯುತ್ತೆ, ಕೈಯಿಂದ ಎಷ್ಟು ಕೊಡಬೇಕು ಅಂತ ಕೇಳಿದರೆ ಮಾತ್ರ ಸುಮ್ಮನಾಗ್ತಾರೆ. ಇದು ಅವರ ತಪ್ಪಲ್ಲ. ಕಂಪನಿ ಕಳಿಸುವುದು ಇಂಗ್ಲಿಷ್‌ನಲ್ಲಿ ಹತ್ತಾರು ಪುಟದ ಇಮೇಲ್. ಸೈಟ್‌ನಲ್ಲಿ, ಅಡುಗೆಮನೆಯಲ್ಲಿ, ಡೆಲಿವರಿ ಬೈಕಿನ ಮೇಲೆ ದುಡಿಯುವವರು ಅದನ್ನು ಯಾವಾಗ ಓದಬೇಕು? ಸೇರಿದ ದಿನ ಬಾಯಲ್ಲಿ ಹೇಳಿದರೂ, ರೂಮು, ಯೂನಿಫಾರಂ, ಕಾಂಟ್ರ್ಯಾಕ್ಟ್ ಗಡಿಬಿಡಿಯಲ್ಲಿ ತಲೆಯಲ್ಲಿ ಉಳಿಯಲ್ಲ.

ಗೊತ್ತಿಲ್ಲದ್ದಕ್ಕೆ ಬೆಲೆ ತೆರುವುದು ಮೈಯೇ. ಜ್ವರಕ್ಕೆ ಊರಿಂದ ತಂದ ಮಾತ್ರೆ ನುಂಗಿ ಮಲಗ್ತಾರೆ. ಬಿಪಿ, ಶುಗರ್ ಇರುವವರು "ರಜೆಗೆ ಹೋದಾಗ ತೋರಿಸೋಣ" ಅಂತ ವರ್ಷ ತಳ್ತಾರೆ. ಬಿಲ್ ಎಷ್ಟಾಗುತ್ತೋ ಅನ್ನೋ ಭಯವೇ ದೊಡ್ಡದು.

ಆ ಭಯ ಹೋಗಲಿಕ್ಕೆ ಶೇಕಡಾ ಲೆಕ್ಕ ಹೇಳಿದರೆ ಆಗಲ್ಲ, ದಿರ್ಹಮ್‌ನಲ್ಲಿ ಹೇಳಬೇಕು. 2025ರಲ್ಲಿ ಆ ಐದು ಎಮಿರೇಟ್‌ಗಳಿಗೆ ಬಂದ ಮೂಲ ಪಾಲಿಸಿಯನ್ನೇ ನೋಡಿ. ಡಾಕ್ಟರಿಗೆ ತೋರಿಸಿದರೆ ನಮ್ಮ ಪಾಲು ಶೇ. 25, ಒಂದು ಸಲಕ್ಕೆ 100 ದಿರ್ಹಮ್ ಮೀರುವಂತಿಲ್ಲ. ಅಂದರೆ ಬಿಲ್ 200 ಆದರೆ ಕೈಯಿಂದ 50. ಅದೇ ಕಾಯಿಲೆಗೆ ಏಳು ದಿನದೊಳಗೆ ಮತ್ತೆ ಹೋದರೆ ಆ ಪಾಲೂ ಇಲ್ಲ. ಅಡ್ಮಿಟ್ ಆದರೆ ಶೇ. 20, ಆದರೆ ಒಂದು ಸಲಕ್ಕೆ ಹೆಚ್ಚೆಂದರೆ 500, ವರ್ಷಕ್ಕೆ 1,000. ಬಿಲ್ 10,000 ಬಂದರೂ ನಾವು ಕೊಡುವುದು 500. ಇಷ್ಟು ಗೊತ್ತಿದ್ದರೆ ಯಾರು ರೂಮಲ್ಲಿ ನರಳ್ತಾ ಮಲಗ್ತಾರೆ? ನಿಮ್ಮ ಕಂಪನಿಯ ಪಾಲಿಸಿ ಬೇರೆ ಇರಬಹುದು, ಅದರ ಲೆಕ್ಕವನ್ನೂ ಹೀಗೇ ಕೇಳಿ ಬರೆಸಿಕೊಳ್ಳಿ.

ನಮ್ಮಲ್ಲಿ ಫೋರ್‌ಮನ್, ಕ್ಯಾಂಪ್ ಬಾಸ್, ಎಚ್‌ಆರ್, ಹೋಟೆಲ್ ಮಾಲೀಕರು ಆಗಿರುವವರು ಬೇಕಾದಷ್ಟು ಜನ ಇದ್ದೀರಿ. ನಿಮ್ಮಲ್ಲಿ ನಮ್ಮ ವಿನಂತಿ ಇಷ್ಟು:

ಒಂದೇ ಹಾಳೆ ಮಾಡಿ. ಹತ್ತಿರದ ನೆಟ್‌ವರ್ಕ್ ಕ್ಲಿನಿಕ್, ಅದರ ಸಮಯ, ಕೈಯಿಂದ ಕೊಡಬೇಕಾದ ಹಣ, ಇನ್ಶೂರೆನ್ಸ್‌ನವರ ಫೋನ್ ನಂಬರ್, ಆಂಬ್ಯುಲೆನ್ಸ್‌ಗೆ 998. ರೂಮಿನ ಬಾಗಿಲಿಗೆ, ಮೆಸ್ ಗೋಡೆಗೆ ಅಂಟಿಸಿ. ಓದಲು ಕಷ್ಟ ಆಗುವವರಿಗೆ ಅವರ ಭಾಷೆಯಲ್ಲೇ ಎರಡು ನಿಮಿಷದ ವಾಯ್ಸ್ ಮೆಸೇಜ್ ವಾಟ್ಸಾಪ್‌ಗೆ ಹಾಕಿ.

"ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ತಲೆ ಆಡಿಸ್ತಾರೆ. "ನಾಳೆ ಜ್ವರ ಬಂದರೆ ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿ.

ಒಂದೇ ಸಲ ಹೇಳಿ ಬಿಡಬೇಡಿ. ಬಿಸಿಲಲ್ಲಿ ಮಧ್ಯಾಹ್ನ 12:30ರಿಂದ 3ರವರೆಗೆ ಕೆಲಸ ಮಾಡಿಸಬಾರದೆಂಬ ನಿಯಮ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಇರುತ್ತದೆ. ಅದಕ್ಕೆ ಮುಂಚೆ ನೀರು, ಓಆರ್‌ಎಸ್, ತಲೆಸುತ್ತಿನ ಲಕ್ಷಣಗಳ ಬಗ್ಗೆ ಮತ್ತೊಮ್ಮೆ ಮಾತಾಡಿ.

ಯಾರಿಗೆ ಏನು ಕಾಯಿಲೆ ಅಂತ ಗ್ರೂಪ್‌ನಲ್ಲಿ ಕೇಳಲೇಬೇಡಿ. ಕೆಲಸ ಹೋಗುತ್ತೆ ಅಂತ ಹೆದರುವವನು ಎಲ್ಲರೆದುರು ಬಾಯಿ ಬಿಡಲ್ಲ.

ರಜೆಯ ವಿಷಯವನ್ನೂ ಮುಚ್ಚಿಡಬೇಡಿ. ಕಾರ್ಮಿಕ ಕಾನೂನಿನಂತೆ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದ ತನಕ ಸಿಕ್ ಲೀವ್ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. ಕಾಯಿಲೆಯಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿ, ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು.

ಇನ್ನು ಕೆಲಸಗಾರ ಬಂಧುಗಳಿಗೆ ಒಂದು ಮಾತು. ಕೇಳೋದಕ್ಕೆ ಸಂಕೋಚ ಬೇಡ. ಇದು ಯಾರೂ ಮಾಡುವ ಉಪಕಾರ ಅಲ್ಲ, ನಿಮ್ಮ ದುಡಿಮೆಯ ಹಕ್ಕು. ಈ ತಿಂಗಳ ಸಂಬಳ ತಗೊಳ್ಳುವ ದಿನವೇ ಆಫೀಸಲ್ಲಿ ಕೇಳಿ: "ನನ್ನ ಕ್ಲಿನಿಕ್ ಯಾವುದು, ನಾನು ಎಷ್ಟು ಕೊಡಬೇಕು?" ಉತ್ತರ ಸಿಕ್ಕಿದರೆ ರೂಮಿನವರಿಗೂ ಹೇಳಿ.